ಕಾಕಿಯ ಪಾಲಿಗೆ ಬಂದ ಗೇರು

ತಾನಾಗಿಯೇ ನಡೆಯುವ ಯಾವ ಕೆಲಸದ ಮೇಲೂ ನನಗೆ ನಂಬಿಕೆಯಿಲ್ಲ. ಹಾಲು ಒಲೆಯ ಮೇಲೆ ತಾನೇ ಕಾಯುತ್ತದೆಂದು ಗೊತ್ತಿದ್ದರೂ ಹೋಗಿ ಒಮ್ಮೆ ಸೌಟು ಆಡಿಸಿ ಬರುತ್ತೇನೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಕೂತಲ್ಲೇ ಕೊಂಚ ಮುಂದಕ್ಕೆ ಬಾಗುತ್ತೇನೆ; ನಾನೂ ಒಂದಿಷ್ಟು ನೂಕದಿದ್ದರೆ ಎಂಜಿನ್ನಿಗೆ ಭಾರವಾದೀತೆಂದು. ಮನೆಯವರೆಲ್ಲ ಇದನ್ನು ಕಂಡು ನಗುತ್ತಾರೆ. ನಗಲಿ ಬಿಡಿ. ಇದು ನಾನು ಕಲಿತದ್ದಲ್ಲ, ವಂಶದಲ್ಲಿ ಹರಿದು ಬಂದದ್ದು. ತಾನೇ ಗೇರು ಬದಲಿಸಿಕೊಳ್ಳುವ ಕಾರೊಂದನ್ನು ತಂದು, ಅದರ ಹೊಟ್ಟೆ ಬಗೆಸಿ, ಕೈಯಿಂದ ಗೇರು ಹಾಕುವ ಕಾರನ್ನಾಗಿ ಮಾಡಿಸಿದ ಮಹಾನುಭಾವನೊಬ್ಬ ನಮ್ಮ ಮನೆಯಲ್ಲಿದ್ದ. ಅವನು ನನ್ನ ಕಾಕಾ, ನಮ್ಮಪ್ಪನ ತಮ್ಮ. ಶಹಾಪುರದಲ್ಲಿ ಅವನದೊಂದು ಶೇಂಗಾ ಎಣ್ಣೆಯ ಗಿರಣಿ ಇತ್ತು. ಇಂಟರ್ ಪರೀಕ್ಷೆಯಲ್ಲಿ ಫೇಲಾಗಿ, ಮುಂದೇನು ಎಂದು ತೋಚದೆ, ನಾನು ಅವನ ಮನೆಯಲ್ಲಿ ಉಂಡು ಅವನ ಗಿರಣಿಯಲ್ಲಿ ಆಕಳಿಸಿಕೊಂಡು ಇದ್ದೆ.

ಆಗ ಎಲ್ಲವೂ ಬದಲಾಗುತ್ತಿದ್ದ ಕಾಲ. ನಿಜಾಮರ ರಾಜ್ಯ ಹೋಗಿತ್ತು, ಮೈಸೂರು ರಾಜ್ಯಕ್ಕೆ ಸೇರುವ ಮಾತು ನಡೆದಿತ್ತು. ಜನ್ಮವಿಡೀ ಉರ್ದುವಿನಲ್ಲಿ ಬರೆದು ಬದುಕಿದ್ದ ಕಚೇರಿಯ ಗುಮಾಸ್ತರು ಬೆಳಿಗ್ಗೆ ಎದ್ದು ಕನ್ನಡದ ಕಾಗುಣಿತ ತಿದ್ದುತ್ತಿದ್ದರು. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕೈ ಒಮ್ಮೆಲೇ ಎಡದಿಂದ ಬಲಕ್ಕೆ ಓಡಬೇಕೆಂದರೆ ಸುಮ್ಮನೆ ಆಗುತ್ತದೆಯೇ? ಒಬ್ಬರು ತಮ್ಮ ಹೆಸರನ್ನು ಕಾಗದದ ಎರಡೂ ಅಂಚುಗಳಿಂದ ಶುರುಮಾಡಿ ನಟ್ಟನಡುವೆ ಡಿಕ್ಕಿ ಹೊಡೆಸಿದ್ದನ್ನು ನಾನೇ ಕಂಡಿದ್ದೇನೆ. ಜಾಗೀರುಗಳೆಲ್ಲ ಹೋಗಿ ಹೈದರಾಬಾದಿನ ದೊಡ್ಡ ದೊಡ್ಡ ಹವೇಲಿಗಳ ಸಾಮಾನು ಬೀದಿಗೆ ಬರುತ್ತಿತ್ತು. ಎಣ್ಣೆ ಮಾರಲು ಅಲ್ಲಿಗೆ ಹೋಗಿದ್ದ ಕಾಕಾ ವಾರ ಕಳೆದ ಮೇಲೆ ಅಮೆರಿಕದ ಕಾರೊಂದರಲ್ಲಿ ಕೂತು ಊರಿಗೆ ಬಂದ.

ಆ ಕಾರಿನ ಮುಂದಿನ ಸೀಟೇ ನಮ್ಮ ಪಡಸಾಲೆಯಷ್ಟು ಅಗಲ. ಅಮೆರಿಕದವರ ಪದ್ಧತಿಯಂತೆ ಸ್ಟೇರಿಂಗು ಎಡಗಡೆಗೆ. ಎಲ್ಲಕ್ಕಿಂತ ದೊಡ್ಡ ಸೋಜಿಗ, ಅದಕ್ಕೆ ಕ್ಲಚ್ಚೂ ಇರಲಿಲ್ಲ, ಕೈಯಿಂದ ಹಾಕುವ ಗೇರೂ ಇರಲಿಲ್ಲ. ಕಾಲು ಒತ್ತಿದರೆ ಹೋಗುತ್ತದೆ, ಬ್ರೇಕು ಒತ್ತಿದರೆ ನಿಲ್ಲುತ್ತದೆ. ನಡುವಿನ ತಾಪತ್ರಯವನ್ನೆಲ್ಲ ಒಳಗಿನ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಯೋಚಿಸಿದರೆ ಅದು ಸರಿಯಾಗಿ ನವಾಬರಿಗೇ ಹೇಳಿ ಮಾಡಿಸಿದ ಗಾಡಿ. ಹುಕ್ಕಾ ತುಂಬಲೊಬ್ಬ, ಜೋಡು ತೊಡಿಸಲೊಬ್ಬ ಇರುವ ಮನೆಯಲ್ಲಿ ಗೇರು ಹಾಕಲು ಯಾರಾದರೂ ಕೈ ಎತ್ತುತ್ತಾರೆಯೇ? ಆದರೆ ಶಹಾಪುರದ ಬಜಾರಿಗೆ ಅದು ಸೇರಲಿಲ್ಲ. ಕಾಕಾ ಅರಳೆ ಅಂಗಡಿಗಳ ಮುಂದೆ ಕಾರು ಓಡಿಸಿಕೊಂಡು ಹೋದರೆ ಜನ, “ಶೇಟ್ರು ಏನೂ ಮಾಡಾಕತ್ತಿಲ್ಲಲೇ, ಸುಮ್ಮ ಕುಂತಾರ!” ಎಂದು ನಗುತ್ತಿದ್ದರು. ಕಾಕಾನಿಗೆ ಅದು ಚುಚ್ಚಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮನೆಯಲ್ಲಿ. ಕಾರು ನಿಲ್ಲಿಸಲು ಜಾಗ ಬೇಕಿತ್ತಲ್ಲ, ಕಾಕಾ ಮನೆಯ ಸವಾರಿ ಬಂಡಿಯನ್ನೂ ಅದರ ಜೋಡಿ ಎತ್ತುಗಳನ್ನೂ ಸುರಪುರದ ಕಡೆಯ ಪರಿಚಯದವರಿಗೆ ಮಾರಿಬಿಟ್ಟ. ಅವು ಕಾಕಾನ ಹೆಂಡತಿ ಶಾಂತವ್ವ ಕಾಕಿಯ ತವರಿನಿಂದ ಬಂದ ಎತ್ತುಗಳು. ಅವುಗಳ ಕೊರಳ ಗೆಜ್ಜೆಯನ್ನು ಕಾಕಿ ತಾನೇ ಪೋಣಿಸಿದ್ದಳು, ಮೇವನ್ನೂ ತಾನೇ ಹಾಕುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅವು ಬರೀ ಎತ್ತುಗಳಾಗಿರಲಿಲ್ಲ. ನೆಂಟರ ಮನೆಗೆ ಹೋಗಿದ್ದ ಕಾಕಿ ತಿರುಗಿ ಬಂದು ನೋಡುತ್ತಾಳೆ, ಎತ್ತು ಮೇಯುತ್ತಿದ್ದ ಗೋದಲಿಯ ಮುಂದೆ ಕಾರು ನಿಂತಿದೆ.

“ಎತ್ತ ಎಲ್ಲಿ ಹೋದ್ವರಿ?”

“ಕೊಟ್ಟೆ. ಮೋಟರ್ ಬಂದ ಮ್ಯಾಲ ಎತ್ತ ಯಾಕ ಬೇಕು?”

“ಕೊಡೂ ಮುಂದ ನನ್ನ ಒಂದ್ ಮಾತ ಕೇಳಿದ್ರೇನು?”

ಕಾಕಾ ಜೋರಾಗಿ ನಕ್ಕ. “ಎತ್ತಿನ ಯಾಪಾರಕ್ಕ ಹೆಂಗಸರ್ನ ಯಾರರ ಕೇಳ್ತಾರೇನು?”

ಕಾಕಿ ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಹಾಗೆಂದು ಮನೆಯ ಕೆಲಸ ನಿಲ್ಲಲಿಲ್ಲ, ಮಾತೆಲ್ಲ ನನ್ನ ಮೂಲಕ ಹಾಯತೊಡಗಿತು. “ಮಲ್ಲೂ, ಕೇಳು ಅವರಿಗಿ, ಇನ್ನೊಂದ್ ರೊಟ್ಟಿ ಹಾಕ್ಲೇನು?” ಎನ್ನುವಳು ಕಾಕಿ, ರೊಟ್ಟಿಯನ್ನು ಆಗಲೇ ಅವನ ತಾಟಿನ ಮೇಲೆ ಹಿಡಿದುಕೊಂಡು. “ಮಲ್ಲೂ, ಬ್ಯಾಡಂತ ಹೇಳು ಆಕಿಗಿ,” ಎನ್ನುವನು ಕಾಕಾ. ಇಬ್ಬರ ನಡುವೆ ಒಂದು ಮೊಳದ ಅಂತರ, ನಾನು ಮೂಲೆಯಲ್ಲಿ. ಆದರೂ ನಾನು ಹೇಳಿದ ಮೇಲೆಯೇ ರೊಟ್ಟಿ ತಿರುಗಿ ಬುಟ್ಟಿಗೆ ಹೋಗುತ್ತಿತ್ತು. ಊಟ ಆರಿ ತಣ್ಣಗಾಗುತ್ತಿದ್ದದ್ದು ನನ್ನದು. ಮೊದಮೊದಲು ನನಗಿದು ದೊಡ್ಡ ಅಧಿಕಾರವೆನ್ನಿಸಿ ಒಂದೆರಡು ಮಾತು ನನ್ನ ಕಡೆಯಿಂದಲೂ ಸೇರಿಸಿ ನೋಡಿದೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ಹರಿಹಾಯ್ದರು.

ಇತ್ತ ಕಾರಿನ ಪೆಟ್ಟಿಗೆ ಎಣ್ಣೆ ಬೇಡತೊಡಗಿತು. ತಾನೇ ಗೇರು ಹಾಕಿಕೊಳ್ಳುವ ಪೆಟ್ಟಿಗೆಗೆ ಅದರದೇ ಜಾತಿಯ ತೆಳು ಎಣ್ಣೆ ಬೇಕಂತೆ. ಅದು ಹೈದರಾಬಾದಿನಿಂದ ಬರಬೇಕು. ಮನುಷ್ಯನಿಗೆ ಪಥ್ಯದ ಎಣ್ಣೆ ಇರುವ ಹಾಗೆ ಯಂತ್ರಕ್ಕೂ ಇದೆ ಎಂಬುದನ್ನು ಬಲ್ಲವರು ಒಪ್ಪುತ್ತಾರೆ. ಕಾಕಾ ಒಪ್ಪಲಿಲ್ಲ. ಅವನಿಗದು ತನ್ನ ಗಿರಣಿಗೆ ಮಾಡಿದ ಅವಮಾನವಾಗಿ ಕಂಡಿತು. “ಶೇಂಗಾ ಎಣ್ಣಿ ಉಂಡು ಇಡೀ ತಾಲೂಕ ಓಡ್ಯಾಡಾಕತ್ತದ, ಈ ಮೋಟರ್ ಓಡಂಗಿಲ್ಲೇನು?” ಎಂದವನೇ ಹೊಸ ಗಾಣದ ಎಣ್ಣೆ ತರಿಸಿ, ಬಟ್ಟೆಯಲ್ಲಿ ಸೋಸಿ, ಪೆಟ್ಟಿಗೆಗೆ ಹೊಯ್ಯಿಸಿದ.

ಓಡಿತು, ಇಲ್ಲವೆನ್ನುವ ಹಾಗಿಲ್ಲ. ಎರಡು ದಿನ ಓಡಿತು. ಪೆಟ್ಟಿಗೆ ಕಾದಂತೆ ಕಾರಿನ ಹಿಂದೆ ಮಿರ್ಚಿ ಭಜಿ ಕರಿಯುವ ವಾಸನೆ ಹೊರಟು, ಹೋದಲ್ಲೆಲ್ಲ ನಾಯಿಗಳು ಬೆನ್ನು ಹತ್ತಿದವು. ಕಾಕಾ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದರೆ ಯಾರೋ ಬಂದು ಕಿಟಕಿಯಲ್ಲಿ ಇಣುಕಿ, “ಬಿಸಿ ಅದಾವೇನ್ರಿ?” ಎಂದು ಕೇಳಿದ್ದೂ ಉಂಟು. ಮೂರನೆಯ ದಿನ ಯಾದಗಿರಿಯಲ್ಲಿ, ಕೋಟೆ ಗುಡ್ಡದ ಕೆಳಗೆ, ಪೆಟ್ಟಿಗೆ ಒಂದು ಸಲ ನರಳಿ ಸುಮ್ಮನಾಯಿತು. ಹಿಂದೆ ಇಟ್ಟಿದ್ದ ಡಬ್ಬಿಯಲ್ಲಿ ಅಳಿದುಳಿದ ಎಣ್ಣೆಯೆಲ್ಲ ಚೆಲ್ಲಿ, ಹಿಂದಿನ ಸೀಟಿನ ಕೆಳಗಿನ ಜಮಖಾನೆಯಲ್ಲಿ ಇಂಗಿತು. ಆ ವಾಸನೆ ಆಮೇಲೆ ಯಾವ ಸೀಗೆಕಾಯಿಗೂ ಬಗ್ಗಲಿಲ್ಲ.

ಯಾದಗಿರಿಯಲ್ಲಿ ಸ್ಟೇಷನ್ನಿನ ಹಿಂದೆ ದಾವಲ್ ಮಿಸ್ತ್ರಿ ಎಂಬವನೊಬ್ಬನಿದ್ದ. ‘ಆಗುವುದಿಲ್ಲ’ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ‘ಆಯಿತು’ ಎಂಬುದನ್ನು ಕೇಳಿದವರೂ ಕಡಿಮೆಯೇ. ಅವನು ಕಾರಿನ ಕೆಳಗೆ ತೂರಿ, ಒಳಗಿನಿಂದಲೇ, “ಈ ಸೋಂಬೇರಿ ಪೆಟ್ಟಿಗಿ ತಗದ್ ಒಗೀರಿ ಶೇಟ್. ಕೈಲೆ ಹಾಕೂ ಗೇರ್ ಕುಂದ್ರಿಸ್ತೀನಿ. ಫಿಕರ್ ಮಾಡಬ್ಯಾಡ್ರಿ,” ಎಂದ. ಬಜಾರದ ನಗೆಯಿಂದ ಬೆಂದಿದ್ದ ಕಾಕಾನಿಗೆ ಇದಕ್ಕಿಂತ ಇಂಪಾದ ಮಾತು ಬೇರೆ ಇರಲಿಲ್ಲ. ಆಗಲಿ ಎಂದ.

ದಂಡಿನವರು ಬಿಟ್ಟುಹೋದ ಹಳೆಯ ಇಂಗ್ಲಿಷ್ ಲಾರಿಯೊಂದು ಮಿಸ್ತ್ರಿಯ ಅಂಗಳದಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಕೋಳಿಗಳನ್ನು ಎಬ್ಬಿಸಿ ಅದರ ಗೇರಿನ ಪೆಟ್ಟಿಗೆಯನ್ನು ಇಳಿಸಲಾಯಿತು. ಸುತ್ತಿಗೆ ಬಿತ್ತು, ಕಿಡಿ ಹಾರಿತು, ಕಾಕಾನ ಗಿರಣಿಯ ಕಬ್ಬಿಣದ ತಗಡೊಂದು ಕ್ಲಚ್ಚಿನ ಪೆಡಲಾಯಿತು. ಎಲ್ಲ ಮುಗಿದು ನೋಡಿದರೆ ಗೇರಿನ ಕೋಲು ಡ್ರೈವರನ ಹತ್ತಿರ ಇಲ್ಲವೇ ಇಲ್ಲ! ಆ ಲಾರಿಯಲ್ಲಿ ಡ್ರೈವರನು ಬಲಗಡೆ ಕೂರುತ್ತಿದ್ದ, ಕೋಲು ಅವನ ಬಲಗೈಗೆ, ಬಾಗಿಲ ಪಕ್ಕದಲ್ಲಿ ಬರುತ್ತಿತ್ತು. ನಮ್ಮ ಕಾರಿನಲ್ಲಿ ಡ್ರೈವರನು ಎಡಗಡೆ. ಕೋಲು ಮಾತ್ರ ತನ್ನ ಹಳೆಯ ಅಭ್ಯಾಸದಂತೆ ಬಲಬಾಗಿಲ ಪಕ್ಕದಲ್ಲಿಯೇ ಎದ್ದು ನಿಂತಿತ್ತು. ನಡುವೆ ಪಡಸಾಲೆಯಂಥ ಸೀಟು. ಕಾಕಾ ಸ್ಟೇರಿಂಗು ಹಿಡಿದು ಎಷ್ಟು ಮಲಗಿ ಕೈ ಚಾಚಿದರೂ ಅದು ಸಿಗಲಿಲ್ಲ.

ದಾವಲ್ ಮಿಸ್ತ್ರಿ ತಲೆ ಕೆರೆದುಕೊಂಡು, ಈ ಕಡೆ ಆ ಕಡೆ ನೋಡಿ ತೀರ್ಪು ಕೊಟ್ಟ: “ಗೇರ್ ಬರೋಬ್ಬರಿ ಅದ ಶೇಟ್. ನೀವು ಕುಂದ್ರೂ ಜಾಗಾನೇ ಗಲತ್ ಅದ.”

ಹೀಗಾಗಿ ನನಗೆ ಎರಡನೆಯ ಉದ್ಯೋಗ ಸಿಕ್ಕಿತು. ಕಾಕಾ ಎಡಗಡೆ ಕೂತು ಸ್ಟೇರಿಂಗು ತಿರುಗಿಸಿ ಕ್ಲಚ್ಚು ತುಳಿಯುವುದು, “ಹಾಕಲೇ!” ಎನ್ನುವುದು, ನಾನು ಬಲಗಡೆ ಕೂತು ಗೇರು ಹಾಕುವುದು. ಅವನು ತುಳಿದಾಗ ನಾನು ಹಾಕುತ್ತಿರಲಿಲ್ಲ, ನಾನು ಹಾಕಿದಾಗ ಅವನು ತುಳಿದಿರುತ್ತಿರಲಿಲ್ಲ. ಒಳಗಿನ ಹಲ್ಲುಗಳು ಕಿರ್ರೆಂದು ಕಿರುಚಿದರೆ ಬಜಾರದ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು. “ನೀ ಇಂಟರ್ ಯಾಕ ಫೇಲಾದಿ ಅಂತ ಈಗ ತಿಳೀತು ನೋಡು,” ಎಂದ ಕಾಕಾ. ಪರೀಕ್ಷೆಯಲ್ಲಿ ಗೇರು ಕೇಳಿರಲಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು, ಪಂಚಮಿ ಹಬ್ಬ ಹತ್ತಿರವಾಯಿತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಬೇಕು. ಕಾಕಿಯ ತವರು ಕೊಡೇಕಲ್. ಅವಳ ಅಣ್ಣ ಆ ವರ್ಷ ಬರಲಿಲ್ಲ. ‘ಮನಿ ಮುಂದ ಮೋಟರ್ ನಿಂತದ, ನನ್ನ ಬಂಡಿ ಯಾಕ’ ಎಂದು ಹೇಳಿ ಕಳಿಸಿದ. ಮಾತು ಸಲೀಸಾಗಿತ್ತು, ಒಳಗೆ ಮುಳ್ಳಿತ್ತು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕಿ ನನ್ನನ್ನು ಕರೆದಳು.

“ಮಲ್ಲೂ, ಹೇಳು ಅವರಿಗಿ. ಪಂಚಮಿಗಿ ಹೋಗಾಕತ್ತೇನಿ. ಈ ಸಲ ಹೋದಾಕಿ ಹೊಳ್ಳಿ ಬರಂಗಿಲ್ಲ.”

ಇದನ್ನು ಹೇಗೆ ದಾಟಿಸುವುದು? ನಾನು ಕಾಕಾನ ಮುಖ ನೋಡಿದೆ. ಅವನಿಗೆ ಆಗಲೇ ಕೇಳಿಸಿತ್ತು. ತುತ್ತು ಕೈಯಲ್ಲೇ ನಿಂತಿತ್ತು. ಇಡೀ ಬಜಾರನ್ನು ದಬಾಯಿಸುವ ಮನುಷ್ಯ, ಹೆಂಡತಿಯನ್ನು ಕಳೆದುಕೊಳ್ಳುವ ಹೆದರಿಕೆಯಲ್ಲಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕಂಡದ್ದು. ಆದರೂ ಅವನ ಬಾಯಿಂದ ಹೊರಟ ಮಾತು ಇಷ್ಟೇ: “ಮೋಟರ್‌ನಾಗ ಬಿಟ್ಟ ಬರ್ತೀನಂತ ಹೇಳು ಆಕಿಗಿ.” ಬೇಡವೆಂದು ಬೇಡಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಅಂಥ ಮಾತಿನ ಅಭ್ಯಾಸವೇ ಇಲ್ಲದ ಗಂಡಸು.

ಹೊರಟೆವು. ರೂಢಿಯಂತೆ ಕಾಕಿ ಹಿಂದಿನ ಸೀಟಿನಲ್ಲಿ, ಹಬ್ಬದ ಸಿಹಿ ಉಂಡಿಯ ಬುಟ್ಟಿಯೊಡನೆ. ನಾನು ಮುಂದೆ, ಗೇರಿನೊಡನೆ. ಊರ ಅಗಸಿಬಾಗಿಲು ದಾಟುವುದರೊಳಗೆ ಜಮಖಾನೆಯಲ್ಲಿದ್ದ ಹಳಸಿದ ಎಣ್ಣೆಯ ವಾಸನೆ ತನ್ನ ಕೆಲಸ ಮಾಡಿತ್ತು. “ಮಲ್ಲೂ, ನಿಲ್ಲಸಂತ ಹೇಳು. ಹೊಟ್ಟಿ ತೊಳಸಾಕತ್ತದ,” ಎಂದಳು ಕಾಕಿ. ಕಾರು ನಿಂತಿತು. ಅವಳು ಇಳಿದಳು, ಮುಂದಿನ ಬಾಗಿಲು ತೆಗೆದಳು, ನನ್ನನ್ನು ನೋಡಿದಳು. ನಾನು ಇಳಿದು ಹಿಂದಕ್ಕೆ ಹೋಗಿ ಉಂಡಿಯ ಬುಟ್ಟಿಯ ಪಕ್ಕ ಕೂತೆ. ಅವಳು ಮುಂದೆ ಕೂತು ಬಾಗಿಲು ಎಳೆದುಕೊಂಡ ಮೇಲೆಯೇ ಮೂವರಿಗೂ ಹೊಳೆದದ್ದು: ಗೇರು ಈಗ ಕಾಕಿಯ ಪಾಲಿಗೆ ಬಂದಿದೆ!

ಕಾಕಾ ಮುಂದಕ್ಕೇ ನೋಡುತ್ತ, “ಮಲ್ಲೂ, ಆ ಕೋಲ ಮುಂದಕ ದಬ್ಬಂತ ಹೇಳು,” ಎಂದ. ನಾನು ಹೇಳಿದೆ. ಕಾಕಿ ಒಲೆಯ ಮೇಲಿನ ಗಡಿಗೆ ಇಳಿಸುವವಳಂತೆ ಕೈಗೆ ಸೆರಗು ಸುತ್ತಿಕೊಂಡು ಕೋಲನ್ನು ದಬ್ಬಿದಳು. ಕಿರ್ರೆನ್ನಲಿಲ್ಲ! ಕಾರು ಹೊರಟಿತು. ಆದರೆ ಒಂದೊಂದು ಗೇರಿಗೂ ಮಾತು ಕಾಕಾನಿಂದ ನನಗೆ, ನನ್ನಿಂದ ಕಾಕಿಗೆ ಹೋಗಬೇಕು. ಅವಳು “ಯಾಕಂತ ಕೇಳು” ಎಂದರೆ ಅದು ತಿರುಗಿ ಬರಬೇಕು. ಅಷ್ಟರಲ್ಲಿ ಏರು ಮುಗಿದು ಇಳಿಜಾರು ಬಂದಿರುತ್ತಿತ್ತು. ನಮ್ಮನ್ನು ಹಿಂದೆ ಹಾಕಿ ಹೋದ ಸೈಕಲ್ಲಿನವರ ಹೆಸರು ಬೇಡ. ಹೀಗೆ ತೆವಳುತ್ತ ಸುರಪುರ ದಾಟಿದೆವು. ಕಾಕಾ ದಾರಿಯುದ್ದಕ್ಕೂ ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು. ಕಡೆಗೆ ಬರೀ ಗೇರಿನ ಮಾತೇ ಬರುತ್ತಿತ್ತು.

ಸುರಪುರದಿಂದ ಮುಂದೆ ಹಳ್ಳವೊಂದಕ್ಕೆ ಇಳಿಯುವ ದಾರಿ. ಮಳೆ ಹನಿದು ಎರೆಮಣ್ಣು ಜಾರುತ್ತಿತ್ತು. ಕೆಳಗೆ ನೋಡಿದರೆ ಕುರಿಗಾರನೊಬ್ಬ ತನ್ನ ಇಡೀ ಹಿಂಡನ್ನು ರಸ್ತೆಗೆ ಅಡ್ಡ ಹಾಯಿಸುತ್ತಿದ್ದಾನೆ. ಕಾಕಾ ಬ್ರೇಕು ಒತ್ತಿದ. ಬ್ರೇಕು ಹಿಡಿಯಲಿಲ್ಲ, ಕಾರು ಜಾರತೊಡಗಿತು. ಗೇರು ಇಳಿಸಿದರಷ್ಟೇ ಉಳಿಗಾಲ. “ಮಲ್ಲೂ! ಎರಡ್ನೇದು ಹಾಕಂತ ಹೇಳ್ ಆಕಿಗಿ!” ಎಂದು ಚೀರಿದ.

ನಾನು ಹೇಳುತ್ತಿದ್ದೆ. ಆದರೆ ಬುಟ್ಟಿಯಿಂದ ಕದ್ದು ಬಾಯಿಗೆ ಹಾಕಿಕೊಂಡಿದ್ದ ಎಳ್ಳಿನ ಉಂಡಿ, ಬೆಲ್ಲದ ಪಾಕ ಗಟ್ಟಿಯಾಗಿದ್ದದ್ದು, ಆ ಕ್ಷಣಕ್ಕೆ ಸರಿಯಾಗಿ ನನ್ನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಒಂದು ಮಾಡಿತ್ತು. “ಮ್ಮ್, ಮ್ಮ್,” ಎಂದೆ. ಅದರಿಂದ ಯಾವ ಗೇರೂ ಬೀಳುವಂತಿರಲಿಲ್ಲ.

“ಏ ಶಾಂತಾ! ಎರಡ್ನೇದು ಹಾಕಾ!”

“ಎರಡ್ನೇದು ಎತ್ತಾಗ ಅದರೀ?”

“ನಿನ್ನ ಕಡಿ ಎಳಕೋ!”

“ನನ್ನ ಕಡಿ ಬಾಗ್ಲಾ ಅದ!”

“ಬಾಗ್ಲಾ ಅಲ್ಲ, ಹೊಟ್ಟಿ ಕಡಿ!”

“ಯಾರ ಹೊಟ್ಟಿ ಕಡೀರೀ?”

“ನಿನ್ನ ಹೊಟ್ಟಿ, ನಮ್ಮವ್ವಾ, ನಿನ್ನ ಹೊಟ್ಟಿ ಕಡಿ!”

ಕಾಕಿ ಎರಡೂ ಕೈಯಿಂದ ಕೋಲನ್ನು ತನ್ನತ್ತ ಎಳೆದಳು. ಎಂಜಿನ್ನು ಗರ್ಜಿಸಿತು, ಕಾರು ಬೆನ್ನು ಹಿಡಿದು ಎಳೆದಂತೆ ನಿಧಾನವಾಯಿತು, ಕುರಿಗಳ ನಡುವೆ ನುಗ್ಗದೆ ಮೆಲ್ಲಗೆ ಹೋಗಿ ನಿಂತಿತು. ಸುತ್ತ ನಾಲ್ಕೂ ಕಡೆ ಉಣ್ಣೆ, ಕಿಟಕಿಗೊಂದು ಕುರಿಯ ಮುಖ. ಆಮೇಲೆ ಶುರುವಾಯಿತು ನೋಡಿ! ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಬಿತ್ತು. ಬ್ರೇಕಿನ ಬಗ್ಗೆ, ಭಜಿಯ ವಾಸನೆಯ ಬಗ್ಗೆ, ದಾವಲ್ ಮಿಸ್ತ್ರಿಯ ಬಗ್ಗೆ, ಅಣ್ಣ ಹೇಳಿಕಳಿಸಿದ ಮಾತಿನ ಬಗ್ಗೆ. ಕಡೆಗೆ ಕಾಕಿಯ ದನಿ ಬಿರಿಯಿತು. “ಮೋಟರ್ ತಂದ್ರಿ, ತರ್ರಿ. ನನ್ನ ಎತ್ತ ಕೊಡೂ ಮುಂದ ಒಂದ್ ಮಾತ ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಆ ಮನ್ಯಾಗ ನಾ ಏನೂ ಅಲ್ಲೇನು?”

ಕುರಿಗಾರ ಕಿಟಕಿಯ ಹತ್ತಿರ ಬಂದು, “ಯಪ್ಪಾ, ಜಗಳಾಡೂದಿದ್ರ ಹಳ್ಳದ ದಂಡಿಗಿ ಹೋಗ್ರಿ. ಕುರಿ ಹೆದರ್ಯಾವ,” ಎಂದ. ಕಾಕಾ ಕಾರು ಚಾಲೂ ಮಾಡಿದ. ಉಳಿದ ದಾರಿಯಲ್ಲಿ ಗೇರುಗಳು ನೇರವಾಗಿಯೇ ಬಿದ್ದವು, ನನ್ನನ್ನು ಯಾರೂ ಕೇಳಲಿಲ್ಲ. ಮಾತು ಬಂದಿತ್ತು ನಿಜ. ಆದರೆ ಕೊಡೇಕಲ್ಲಿನಲ್ಲಿ ಇಳಿದವಳು ತನ್ನ ಗಂಟನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಎಳೆದುಕೊಂಡಳು. ಹೊಳ್ಳಿ ಬರುತ್ತೇನೆಂದು ಹೇಳಲಿಲ್ಲ.

ಬಿಟ್ಟುಬರಲು ಹೋದ ನಾವೂ ಹಬ್ಬಕ್ಕೆ ಅಲ್ಲೇ ಉಳಿದೆವು. ಹೆಂಗಸರು ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಆಡಿದರು. ಕಾಕಾ ಮಾವನ ಮನೆಯ ಕಟ್ಟೆಯ ಮೇಲೆ ಕೂತು ಆ ಜೋಕಾಲಿಯನ್ನೇ ನೋಡಿದ. ಹೊರಡುವ ದಿನ ಇನ್ನೊಂದು ಪೇಚು ಬಂತು: ಕಾಕಿ ಬಾರದಿದ್ದರೆ ಗೇರು ಹಾಕುವವರು ಯಾರು? ನನ್ನ ಕೈಗೆ ಕೊಟ್ಟರೆ ಸುರಪುರವನ್ನೂ ಮುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗ ಅಲ್ಲಿನ ಗುಡಿಗೆ ಯಾತ್ರೆಯವರನ್ನು ತಂದಿದ್ದ ಲಾರಿಯ ಡ್ರೈವರನೊಬ್ಬ ಬಂದು ಕಾರಿನೊಳಗೆ ಇಣುಕಿದ. “ಇದೇನ್ ದೊಡ್ಡ ಕೆಲಸ ಅಲ್ರಿ. ಕಮ್ಮಾರನ ಕಡಿಂದ ಒಂದ್ ರಾಡ್ ಬಾಗಿಸಿ ತಂದ್ರ ಸಂಜಿ ಒಳಗ ಗೇರ್ ನಿಮ್ಮ ಕೈಯಾಗ,” ಎಂದ.

ಕಾಕಿಯ ಅಣ್ಣನಿಗೆ ಹಿಗ್ಗೋ ಹಿಗ್ಗು. “ಮಾಡ್ಸಿಬಿಡ್ರಿ ಭಾವಾರ! ತಂಗಿ ಇಲ್ಲೇ ಇರ್ಲಿ. ನೀವು ಒಬ್ಬರ ಆರಾಮ ಹೋಗಬಹುದು.”

‘ಒಬ್ಬರ’ ಎಂಬಲ್ಲಿ ಕಾಕಾನ ಮುಖ ಬಿದ್ದುಹೋಯಿತು. ಅವನು ಕಟ್ಟೆಯಿಂದ ಇಳಿದು ನೆಟ್ಟಗೆ ಬೇವಿನ ಮರದ ಕಡೆಗೆ ನಡೆದ. ಅಭ್ಯಾಸಬಲದಿಂದ ನಾನೂ ಹಿಂದೆ ಹೋದೆ. ಜೋಕಾಲಿಯ ಹತ್ತಿರ ನಿಂತು, “ಮಲ್ಲೂ, ಆಕಿಗಿ ಹೇ...” ಎಂದವನು ಅರ್ಧಕ್ಕೆ ತಡೆದ. ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದ.

“ಗೇರ್ ನನ್ನ ಕಡಿ ಹಾಕಿಸ್ರಿ ಅನ್ನಾಕತ್ತಾರ. ನಿನ್ನ ಕೇಳಿ ಮಾಡಬೇಕಂತ ಬಂದೀನಿ. ಏನಂತಿ?”

ಹೆಂಗಸರ ನಗೆ ನಿಂತಿತು. ಮಾವನ ಮನೆಯಲ್ಲಿ, ನಾಲ್ಕು ಜನರೆದುರು, ಗಂಡ ಹೆಂಡತಿಯನ್ನು ಬಂದು ಕೇಳುವುದು! ಒಬ್ಬಿಬ್ಬರು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಾಕಿ ಜೋಕಾಲಿಯ ಹಗ್ಗ ಹಿಡಿದು, ಅವಸರವಿಲ್ಲದೆ ವಿಚಾರ ಮಾಡಿದಳು. ಕಾಕಾ ಬಿಸಿಲಲ್ಲಿ ನಿಂತೇ ಇದ್ದ.

“ಬ್ಯಾಡ. ಇದ್ದಲ್ಲೇ ಇರ್ಲಿ,” ಎಂದಳು.

“ಯಾಕ?”

“ಗೇರ್ ನಿಮ್ಮ ಕೈಗಿ ಬಂತಂದ್ರ ನೀವು ಮತ್ತ ಕೇಳೂದು ಬಿಡ್ತೀರಿ.”

ಹಾಗೆಂದು ಜೋಕಾಲಿಯಿಂದ ಇಳಿದು, ಒಳಗೆ ಹೋಗಿ, ಗಂಟು ತೆಗೆದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು.

ಆ ಕಾರು ಆಮೇಲೆ ಎಷ್ಟೋ ವರ್ಷ ಹಾಗೇ ಓಡಿತು. ಓಡಿತು ಎನ್ನುವುದಕ್ಕಿಂತ ಮಾತನಾಡಿಕೊಂಡು ನಡೆಯಿತು ಎನ್ನಬೇಕು. ಅಷ್ಟು ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು, ಹೆಂಗಸರೂ ಗಂಡಸರೂ ಸರಿಸಮನಾಗಿ ಓಟು ಹಾಕುತ್ತಿದ್ದೆವು. ಐದು ವರ್ಷಕ್ಕೊಮ್ಮೆ ಸರ್ಕಾರ ಬಂದು ಎಲ್ಲರನ್ನೂ ಕೇಳುತ್ತಿತ್ತು. ಮನೆಯಲ್ಲಿ ಕೇಳುವವರು ಮಾತ್ರ ಕಡಿಮೆಯೇ ಇದ್ದರು. ಹೆಂಡತಿಯನ್ನು ಕೇಳದೆ ಎರಡನೆಯ ಗೇರಿಗೂ ಹೋಗದ ಗಂಡಸು ಇಡೀ ಶಹಾಪುರದಲ್ಲಿ ನಮ್ಮ ಕಾಕಾ ಒಬ್ಬನೇ.